ಗುಡ್ಡೆ ಹತ್ತಿದ ಯೆಜ್ಡಿ

ಕಳೆದ ಬೇಸಿಗೆಯಲ್ಲಿ ಮೂಡುಬಿದಿರೆಯ ಮದುವೆ ಹಾಲೊಂದರ ಅಂಗಳದಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ನಿಂತಿತ್ತು. ಹೊಸ ಬಣ್ಣ, ಕನ್ನಡಿಯಂತೆ ಹೊಳೆಯುವ ಸೈಲೆನ್ಸರ್, ಟಯರಿನಲ್ಲಿ ಒಂದು ಕಣ ಕೆಮ್ಮಣ್ಣಿಲ್ಲ. ಊಟ ಮುಗಿಸಿ ಬಂದವರೆಲ್ಲ ಅದರ ಸುತ್ತ ಸೇರಿದ್ದರು. ನಮ್ಮ ನೆಂಟರ ಪೈಕಿಯ ಹುಡುಗನೊಬ್ಬ ಅಭಿಮಾನದಿಂದಲೇ ಹೇಳಿದ: “ಯೆಜ್ಡಿ ಅಂದ್ರೆ ರೋಡ್‌ಕಿಂಗ್ ಮಾವ, ಉಳಿದದ್ದೆಲ್ಲ ಅಡಿಕೆ ಗೋಣಿ ಹೊರ್ಲಿಕ್ಕೆ.” ಅವನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ವರ್ಷಗಳಿಂದ ವಾಹನಗಳ ಬಗ್ಗೆ ಬರೆಯುವವರು ಹೇಳುತ್ತ ಬಂದದ್ದನ್ನೇ ಅವನೂ ಹೇಳಿದ್ದಾನೆ. ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಂಪನಿಯ ಶಿಖರ ರೋಡ್‌ಕಿಂಗ್. ಅದಕ್ಕೆ ಮೊದಲಿನದೆಲ್ಲ ಪೀಠಿಕೆ. ಕಂಪನಿ ಸತ್ತದ್ದು ಮೈಲೇಜು ಇಲ್ಲದೆ. ಈ ಮೂರು ಮಾತು ಈಗ ಪಾಠಪುಸ್ತಕದ ಉತ್ತರದಂತೆ ಎಲ್ಲರ ಬಾಯಲ್ಲಿವೆ. ಮೂರನ್ನೂ ನಾನು ಒಪ್ಪುವುದಿಲ್ಲ. ಅಡಿಕೆ ಗೋಣಿ ಹೊರುವುದನ್ನು ಕಡಿಮೆ ಅಂತಸ್ತಿನ ಕೆಲಸವೆಂದು ಅವನು ಹೇಳಿದ ರೀತಿ ಮಾತ್ರ ಇನ್ನೂ ಮನಸ್ಸಿನಲ್ಲಿ ಮುಳ್ಳಿನಂತೆ ಇದೆ.

ವಂಶಾವಳಿ ಓದುಗರಿಗೆ ಗೊತ್ತಿರುವುದೇ. 1929ರಲ್ಲಿ ಪ್ರಾಗ್‌ನ ಯಾನೆಚೆಕ್, ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು ಎರಡೂ ಹೆಸರುಗಳ ಮೊದಲಕ್ಷರ ಸೇರಿಸಿ ‘ಜಾವಾ’ ಎಂದ. ರುಸ್ತಂ ಇರಾನಿ ಮತ್ತು ಫಾರೂಕ್ ಇರಾನಿ ಅದನ್ನು ಮೈಸೂರಿಗೆ ತಂದರು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ 250 ತಯಾರಾಗತೊಡಗಿತು. ಎಪ್ಪತ್ತರ ದಶಕದ ಆರಂಭದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಊರಿನಿಂದ ಬಂದ ಪಾರ್ಸಿ ಹೆಸರು ಅದು. 1996ರಲ್ಲಿ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷಗಳ ಈ ಕಾಲದಲ್ಲಿ ಹಲವು ಮಾದರಿಗಳು ಬಂದವು. ನನಗೆ ಬೇಕಾದದ್ದು ಅವುಗಳಲ್ಲಿ ಒಂದೇ: ಜಾವಾ ಹೆಸರಿನಲ್ಲಿ ಹುಟ್ಟಿ ಯೆಜ್ಡಿ ಹೆಸರಿನಲ್ಲಿ ಬೆಳೆದ ಸಾದಾ 250, ಜನ ‘ಬಿ ಟೈಪ್’ ಎಂದು ಕರೆಯುವ ಗಾಡಿ.

ಅದನ್ನು ಅರ್ಥ ಮಾಡಿಕೊಳ್ಳಲು ಬೆಳ್ತಂಗಡಿಯ ರಸ್ತೆಗಳನ್ನು ನೋಡಬೇಕು. ಈಗಿನ ಡಾಮರು ರಸ್ತೆಯಲ್ಲ. ಎಪ್ಪತ್ತು-ಎಂಬತ್ತರ ದಶಕದ ದಿಡುಪೆ, ಶಿಶಿಲ, ನಾರಾವಿಯ ಕಡೆಯ ದಾರಿಗಳು. ಮುರಕಲ್ಲಿನ ಏರು, ಅದರ ಬುಡದಲ್ಲಿ ಹೊಳೆ, ಹೊಳೆ ದಾಟಿದ ಕೂಡಲೇ ಮತ್ತೆ ಏರು. ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆ. ಜೂನ್ ಹಿಡಿದು ನಾಲ್ಕು ತಿಂಗಳು ದಾರಿಯೇ ತೋಡು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಬೇಕು. ಅದಕ್ಕೆ ಮೈಲುತುತ್ತು, ಸುಣ್ಣ, ರಾಳ ಪೇಟೆಯಿಂದ ಬರಬೇಕು. ಒಣಗಿದ ಚಾಲಿ ಅಡಿಕೆ ಬಂಟ್ವಾಳ ಪೇಟೆಗೆ ಹೋಗಬೇಕು. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗಬೇಕು, ಎಲೆ-ಹೊಗೆಸೊಪ್ಪು ಅಲ್ಲಿಂದ ಬರಬೇಕು. ಹೆರಿಗೆ ನೋವು ಬಂದ ಹೆಂಗಸು ಆಸ್ಪತ್ರೆಗೆ ಹೋಗಬೇಕು. ಜೀಪು ಇದ್ದ ಮನೆ ಊರಿಗೆ ಒಂದೋ ಎರಡೋ. ಇಷ್ಟನ್ನೂ ಮಾಡಿದ್ದು ಆ ಸಾದಾ 250.

ಹೇಗೆ ಮಾಡಿತು ಎಂಬುದನ್ನು ಕಬ್ಬಿಣದ ಭಾಷೆಯಲ್ಲೇ ಹೇಳುತ್ತೇನೆ. ಅದರ ಸಿಲಿಂಡರ್ ಒಂದೇ. 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟ, ಒಟ್ಟು 248.5 ಸಿಸಿ. ಅಗಲಕ್ಕಿಂತ ಓಟ ಹೆಚ್ಚು ಎಂಬುದನ್ನು ಗಮನಿಸಿ. ಅದಕ್ಕೇ ಈ ಎಂಜಿನ್ ಕಿರುಚುವುದಿಲ್ಲ. ಕಡಿಮೆ ವೇಗದಲ್ಲಿ, ಎರಡನೇ ಗೇರಿನಲ್ಲಿ, ಎತ್ತು ಗಾಡಿ ಎಳೆಯುವಂತೆ ಎಳೆಯುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ. ಪೆಟ್ರೋಲಿಗೆ ಲೀಟರಿಗೆ 40-50 ಮಿಲಿ ಆಯಿಲ್ ಬೆರೆಸಿದರೆ ಆಯಿತು. ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಎಳೆಯುವುದು ಕಡಿಮೆಯಾದರೆ ನಮ್ಮ ಅಪ್ಪ ಒಳಗಿನ ಪೈಪ್ ಹೊರತೆಗೆದು ಬಚ್ಚಲೊಲೆಗೆ ಇಡುತ್ತಿದ್ದರು. ಸ್ನಾನದ ನೀರು ಕಾಯುವಷ್ಟರಲ್ಲಿ ಮಸಿ ಸುಟ್ಟು ಉದುರುತ್ತಿತ್ತು. ಮನೆಯ ಒಲೆಯೇ ಗ್ಯಾರೇಜು ಆಗುವಂಥ ಯಂತ್ರವನ್ನು ಆಮೇಲೆ ಯಾರೂ ನಮಗೆ ಮಾಡಿಕೊಟ್ಟಿಲ್ಲ.

ಚೈನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಯಾವ ಲೇಖನದಲ್ಲೂ ಅದರ ಮಾತು ನೋಡಿಲ್ಲ. ಬುಲೆಟ್ಟಿನ ಚೈನಿಗೆ ಮೇಲೊಂದು ಪಟ್ಟಿ ಮಾತ್ರ. ಹಳೆಯ ಜಾವಾ-ಯೆಜ್ಡಿಯ ಚೈನು ಮೇಲೆ ಕೆಳಗೆ ಪೂರ್ತಿ ತಗಡಿನ ಕವಚದೊಳಗೆ ಓಡುತ್ತದೆ. ಮೈಸೂರಿನ ಒಣ ರಸ್ತೆಯಲ್ಲಿ ಅದು ಅಲಂಕಾರ ಅನಿಸಬಹುದು. ಗುರುವಾಯನಕೆರೆಯಿಂದ ಒಳಗೆ ಹೋಗುವ ಕೆಸರಿನಲ್ಲಿ ಅದೇ ಗಾಡಿಯ ಆಯುಷ್ಯ. ಕೆಮ್ಮಣ್ಣು-ಮರಳು ಸೇರಿದ ನೀರು ತೆರೆದ ಚೈನನ್ನು ಒಂದೇ ಮಳೆಗಾಲದಲ್ಲಿ ಅರೆದು ಹಾಕುತ್ತದೆ.

ಇನ್ನು ಕ್ಲಚ್ಚು. ಎಡಗಾಲಿನ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಆ ಲಿವರನ್ನು ಒತ್ತಿದಾಗಲೇ ಕ್ಲಚ್ ತಾನಾಗಿ ಬಿಡುತ್ತದೆ, ಕೈ ಬೇಕಾಗಿಲ್ಲ. ಚಾರ್ಮಾಡಿಯ ತಿರುವಿನ ನಡುವೆ ಕ್ಲಚ್ ಕೇಬಲ್ ತುಂಡಾದರೂ ಗಾಡಿ ಮನೆ ಸೇರುತ್ತಿತ್ತು. ಇದನ್ನು ‘ವಿಚಿತ್ರ ವ್ಯವಸ್ಥೆ’ ಎಂದು ಬರೆದವರಿದ್ದಾರೆ. ರಾತ್ರಿ ಹತ್ತು ಗಂಟೆಗೆ ಘಾಟಿಯಲ್ಲಿ ನಿಂತು ನೋಡಿದವರು ಹಾಗೆ ಬರೆಯಲಾರರು. ಬೀಗದ ಕೈಯ ಕತೆ ಎಲ್ಲರಿಗೂ ಗೊತ್ತು: ಹೆಡ್‌ಲೈಟಿನ ತಲೆಯ ಮೇಲೆ ಚುಚ್ಚುವ ಆ ಕಡ್ಡಿಯಂಥ ಕೀ ಎಲ್ಲ ಜಾವಾಕ್ಕೂ ಹೊಂದುತ್ತಿತ್ತು. ಕಳ್ಳರಿಗೆ ಅನುಕೂಲ ಎಂದು ಟೀಕೆ. ನಮ್ಮ ಊರಿನಲ್ಲಿ ಅದರ ಅರ್ಥ ಬೇರೆ ಇತ್ತು. ಯಾರ ಮನೆಯಲ್ಲಿ ಯಾರಿಗೆ ಹಾವು ಕಚ್ಚಿದರೂ ಹತ್ತಿರ ನಿಂತಿದ್ದ ಗಾಡಿ ಹತ್ತಿ ಹೋಗಬಹುದಿತ್ತು.

ಈಗ ರೋಡ್‌ಕಿಂಗ್. 1978ರಲ್ಲಿ ಬಂತು, ಕೊನೆಯವರೆಗೂ ಇತ್ತು. ಜೆಕ್ ಮೋಟೋಕ್ರಾಸ್ ಬೈಕುಗಳಿಂದ ಬಂದ ರೂಪ, ಎತ್ತರದ ಹ್ಯಾಂಡಲ್, 16 ಅಶ್ವಶಕ್ತಿ. ಮೊದಲ ಜಾವಾದ 12ರ ಎದುರು ಇದು ದೊಡ್ಡ ಜಿಗಿತ. ಓಡಿಸಿದ್ದೇನೆ. ಬಿ.ಸಿ. ರೋಡಿನಿಂದ ಮಂಗಳೂರಿಗೆ ಹೋಗುವಾಗ ಅದರ ಸುಖ ನಿಜ, ಇಲ್ಲವೆನ್ನಲಾರೆ. ಆದರೆ ಅದು ಸವಾರನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಗಾಡಿ. ಬಿ ಟೈಪ್ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹಿಂದೆ ಗೋಣಿ, ಟ್ಯಾಂಕಿನ ಮೇಲೆ ಮಗು, ಸೀಟಿನಲ್ಲಿ ಹೆಂಡತಿ. ಆ ತೂಕ ಕೂತಾಗ ಹಳೆಯ ಗಾಡಿ ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ; ರೋಡ್‌ಕಿಂಗ್ ಮೂಗೆತ್ತುತ್ತದೆ. ಇದನ್ನು ನಾನು ಅಳೆದು ನೋಡಿಲ್ಲ, ಬೆನ್ನಿನಿಂದ ಬಲ್ಲೆ. ರೋಡ್‌ಕಿಂಗಿನಿಂದಲೇ ಯೆಜ್ಡಿ ಕಾಲೇಜು ಹುಡುಗರ ಕನಸಾಯಿತು ಎನ್ನುತ್ತಾರೆ. ಆಗಿರಬಹುದು. ಅಂದಿನಿಂದಲೇ ಅದು ಕೃಷಿಕನ ಕಡೆಗೆ ಬೆನ್ನು ತಿರುಗಿಸಿತು ಎಂದು ನಾನು ಸೇರಿಸುತ್ತೇನೆ.

ಉಳಿದ ಮಾದರಿಗಳಿಗೆ ಹೆಚ್ಚು ಮಾತು ಬೇಡ. ಆಯಿಲ್‌ಕಿಂಗ್‌ನಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್. ಆಲೋಚನೆ ಸರಿ, ಆದರೆ ಪಂಪಿನ ಮೇಲೆ ಜನರಿಗೆ ನಂಬಿಕೆ ಕೂರಲಿಲ್ಲ. ಬಹಳ ಮಂದಿ ಅದನ್ನು ಕಳಚಿ ಪೆಟ್ರೋಲಿಗೇ ಆಯಿಲ್ ಬೆರೆಸುವುದಕ್ಕೆ ಮರಳಿದರು. 60 ಸಿಸಿಯ ಜೆಟ್, ಕೋಲ್ಟ್ ಪೇಟೆಯ ಗಾಡಿಗಳು, ನಮ್ಮ ಏರುಗಳ ಲೆಕ್ಕಕ್ಕೆ ಬರುವಂಥವಲ್ಲ. ಎಂಬತ್ತರ ದಶಕದ 350 ಟ್ವಿನ್ ಅನ್ನು ‘ಕಳೆದುಹೋದ ಮಹಾಕೃತಿ’ ಎಂದು ಈಗ ಹೊಗಳುತ್ತಾರೆ. ಎರಡು ಸಿಲಿಂಡರಿನ ಒಳ್ಳೆಯ ಯಂತ್ರವೇ. ಆದರೆ ಎಸ್ಕಾರ್ಟ್ಸ್‌ನ ರಾಜ್‌ದೂತ್ 350 ಜೊತೆ ಓಟಕ್ಕೆ ನಿಲ್ಲಿಸುವುದಕ್ಕೆ ಅದು ಬಂತು, ಓಟ ನಮ್ಮ ಅಗತ್ಯವಾಗಿರಲಿಲ್ಲ. ಮೊನಾರ್ಕ್ ಹಳೆಯ ಎಂಜಿನ್ನಿಗೆ ತೊಡಿಸಿದ ಹೊಸ ಹೊದಿಕೆ.

ಮೈಲೇಜಿನ ತೀರ್ಪಿಗೆ ಬರುತ್ತೇನೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಲೀಟರಿಗೆ 80 ಕಿಲೋಮೀಟರ್ ಎಂಬ ಘೋಷಣೆಯ ಮುಂದೆ 25-30 ಕೊಡುವ ಯೆಜ್ಡಿ ಏನು ಮಾಡೀತು ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೀಟರಿಗೆ ಎಷ್ಟು ದೂರ ಎಂದು ಕೇಳುವವನು ಒಬ್ಬನೇ ಆಫೀಸಿಗೆ ಹೋಗಿ ಬರುವವನು. ಲೀಟರಿಗೆ ಎಷ್ಟು ಹೊರೆ, ಎಷ್ಟು ಏರು ಎಂದು ಕೇಳಬೇಕಾದದ್ದು ವಾಮದಪದವಿನ ತೋಟದವನು. ಅವನ ಪ್ರಶ್ನೆ ಯಾವ ಜಾಹೀರಾತಿನಲ್ಲೂ ಬರಲಿಲ್ಲ. ಬೆಂಗಳೂರಿನ ಅಳತೆಗೋಲನ್ನು ತಂದು ಬೆಳ್ತಂಗಡಿಯ ಗಾಡಿಯನ್ನು ಅಳೆದರು. ನಮ್ಮವರೂ ಅದನ್ನೇ ನಂಬಿ ಅಂಗಳದ ಗಾಡಿಯನ್ನು ಹಟ್ಟಿಗೆ ತಳ್ಳಿದರು.

ಹಾಗೆಂದು ಕಾರ್ಖಾನೆಯನ್ನು ತಪ್ಪಿನಿಂದ ಬಿಡಿಸುತ್ತಿಲ್ಲ. ಅದರ ನಿಜವಾದ ಸೋಲು ದೀಪದಲ್ಲಿದೆ. ವರ್ಷಗಟ್ಟಲೆ 6 ವೋಲ್ಟಿನ ಡೈನಮೋ. ವೇಗ ಇಳಿದರೆ ಹೆಡ್‌ಲೈಟು ಮಿಣುಕುಹುಳು. ಪಾಯಿಂಟಿಗೆ ತೇವ ತಾಗಿದರೆ ಕಿಡಿ ಇಲ್ಲ. ಆಷಾಢದ ರಾತ್ರಿ ಮಂಜು ಕವಿದ ಘಾಟಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಟ್ಯಾಂಕಿನ ಆಕಾರ, ಹ್ಯಾಂಡಲಿನ ಎತ್ತರ, ಹೆಸರು ಇವನ್ನೆಲ್ಲ ಬದಲಿಸಲು ಹಾಕಿದ ಶ್ರಮದ ಅರ್ಧವನ್ನು ಆ ಸಾದಾ 250ರ ವಯರಿಂಗಿಗೆ ಹಾಕಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನ ಅದನ್ನು ಅಷ್ಟು ಬೇಗ ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಕೊನೆಗೆ ಕಾರ್ಮಿಕರ ತಕರಾರು, ಸಾಲ, 1996ರ ಹೊಗೆಯ ನಿಯಮ ಎಲ್ಲ ಒಟ್ಟಿಗೆ ಬಂದವು. ಕೆಲಸಗಾರರ ಬಾಕಿ ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಿತು. ಯೆಜ್ಡಿಯ ಬಗ್ಗೆ ಉಕ್ಕಿ ಹರಿಯುವ ನೆನಪಿನ ಬರಹಗಳಲ್ಲಿ ಆ ಕೈಗಳ ಪ್ರಸ್ತಾಪ ಎಷ್ಟು ಕಡಿಮೆ!

ಒಂದು ಮಾದರಿಗೆ ಕಂಪನಿ ತಾನೇ ‘ಕ್ಲಾಸಿಕ್’ ಎಂದು ಹೆಸರಿಟ್ಟಿತು. ನನಗೆ ಅದು ಅಪಶಕುನದಂತೆ ಕಾಣುತ್ತದೆ. ದುಡಿಯುತ್ತಿರುವ ವಸ್ತು ತನ್ನನ್ನು ಹೊರಗಿನಿಂದ ನೋಡಿಕೊಳ್ಳತೊಡಗಿತು. ಇಂದು ನಮ್ಮ ಕರಾವಳಿಯಲ್ಲಿ ಎಲ್ಲದಕ್ಕೂ ಇದೇ ಆಗುತ್ತಿದೆ. ಗುತ್ತಿನ ಮನೆಗಳ ಹಲಸಿನ ಕಂಬಗಳು ಲಾರಿ ಹತ್ತಿ ರೆಸಾರ್ಟುಗಳಿಗೆ ಹೋಗುತ್ತವೆ. ಆ ಕಂಬಕ್ಕೆ ಒರಗಿ ಎಲೆ ಅಡಿಕೆ ಮೆದ್ದ ಅಜ್ಜಿಯ ಬೆನ್ನಿನ ಎಣ್ಣೆ ಗುರುತನ್ನು ಮೊದಲು ಉಜ್ಜಿ ತೆಗೆಯುತ್ತಾರೆ, ಆಮೇಲೆ ಪಾಲಿಶ್. ಹಿತ್ತಾಳೆ ಕೊಪ್ಪರಿಗೆಯಲ್ಲಿ ಹೂವಿನ ಗಿಡ. ಭತ್ತ ಅಳೆದ ಕಳಸೆ ಸೋಫಾದ ಪಕ್ಕ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ಎದ್ದು ನಿಂತದ್ದು. ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತದೆ. ಆ ಕಂಬಗಳಿಗೆ ಬೆಲೆ ಬಂದದ್ದು ಬಳಕೆಯಲ್ಲಿ ಉಳಿದದ್ದರಿಂದ. ಬಳಕೆಯ ಗುರುತನ್ನೆಲ್ಲ ಅಳಿಸಿದ ಮೇಲೆಯೇ ಹಳೆಯದು ಚಂದ ಎನ್ನುವ ರುಚಿ ನಮ್ಮದಲ್ಲ. ಯಾರಿಂದಲೋ ಕಡ ತಂದದ್ದು. ಮದುವೆ ಹಾಲಿನ ರೋಡ್‌ಕಿಂಗ್‌ನಲ್ಲಿ ನಾನು ಕಂಡದ್ದು ಅದನ್ನೇ. ಧರ್ಮಸ್ಥಳದ ವಾಹನ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ನಿಂತಾಗ ನನಗೆ ಗೌರವವೇ ಹುಟ್ಟುತ್ತದೆ; ಕಾಪಿಡುವುದು ದೊಡ್ಡ ಕೆಲಸ. ಆದರೆ ಕಾಪಿಡುವುದು ಬೇರೆ, ಸಿಂಗರಿಸುವುದು ಬೇರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವು. ಯೆಜ್ಡಿ ಎಂಬ ಹೆಸರು ಯಾರದೆಂದು ಹೈಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು. ಹೊಸ ಗಾಡಿಗಳು ನಾಲ್ಕು ಸ್ಟ್ರೋಕಿನವು, ನೀರಿನಿಂದ ತಣಿಯುವವು. ಅವುಗಳ ಗುಣದೋಷ ಬೇರೆ ಚರ್ಚೆ. ಹೆಸರಿನ ಒಡೆತನಕ್ಕೆ ಅಷ್ಟು ವಾದ ನಡೆದರೂ ಆ ಹೆಸರಿಗೆ ಬೆಲೆ ತಂದುಕೊಟ್ಟವರು ಯಾರೆಂಬ ಪ್ರಶ್ನೆ ಎಲ್ಲೂ ಏಳಲಿಲ್ಲ. ಪುಂಜಾಲಕಟ್ಟೆಯ, ವೇಣೂರಿನ, ಸಿದ್ಧಕಟ್ಟೆಯ ಮೆಕ್ಯಾನಿಕ್‌ಗಳು, ಬೀಡಿ ಕಾಂಟ್ರಾಕ್ಟ್‌ದಾರರು, ಕೊಡೆ ಹಿಡಿದು ಹಿಂದೆ ಕೂತ ದಾದಿಯರು ಯಾವ ಇತಿಹಾಸದಲ್ಲೂ ಇಲ್ಲ.

ನಮ್ಮ ಬಿ ಟೈಪ್ ಈಗಲೂ ಹಟ್ಟಿಯ ಪಕ್ಕದ ಚಾವಡಿಯಲ್ಲಿದೆ. ಹಿಂದಿನ ಕ್ಯಾರಿಯರಿನಲ್ಲಿ ಗೋಣಿಯ ಹಗ್ಗ ಉಜ್ಜಿ ಉಜ್ಜಿ ಬಣ್ಣ ಹೋಗಿ ಕಬ್ಬಿಣ ಕಾಣುತ್ತದೆ, ಟ್ಯಾಂಕಿನ ಬದಿಯಲ್ಲಿ ಮೈಲುತುತ್ತಿನ ನೀಲಿ ಕಲೆ ಇದೆ. ಬಣ್ಣ ಹೊಡೆಸಿಕೊಡುತ್ತೇವೆ, ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ ಎಂದು ಕೇಳಿ ಬಂದವರಿದ್ದಾರೆ. ಕೊಟ್ಟಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಟ್ಟಿ-ಕೊಟ್ಟಿಗೆಗಳಲ್ಲಿ ಇಂಥ ಗಾಡಿ ಇನ್ನೂ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಮಾರುವುದಾದರೆ ಮಾರಿ, ಅದು ನಿಮ್ಮ ಕಷ್ಟಸುಖ. ಆದರೆ ಮಾರುವ ಮೊದಲು ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಯಾವ ವರ್ಷ ಕೊಂಡದ್ದು, ಯಾವ ಏರು ಹತ್ತಿದ್ದು, ಏನೇನು ಹೊತ್ತದ್ದು, ಯಾರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.