ವ್ಯಾಯಾಮಕ್ಕೂ ಒಂದು ಸಿಲಬಸ್

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್‌ಗೆ ಓದುವವರ ಪಿಜಿ ಕೋಣೆಗೆ ಹೋದರೆ ಗೋಡೆಯ ಟೈಮ್‌ಟೇಬಲ್ಲಿನ ಮೊದಲ ಸಾಲು ಹೆಚ್ಚಾಗಿ ಒಂದೇ: ಬೆಳಿಗ್ಗೆ 5ರಿಂದ 6, ವ್ಯಾಯಾಮ. ಇಡೀ ಹಾಳೆಯಲ್ಲಿ ಮೊದಲು ಸುಳ್ಳಾಗುವ ಸಾಲೂ ಅದೇ. ಕಲಬುರಗಿ, ಹಾಸನದ ಕಡೆಯಿಂದ ಬಂದ ನಮ್ಮ ಹುಡುಗ ಹುಡುಗಿಯರು ಇದನ್ನು ತಮ್ಮ ಸೋಮಾರಿತನದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ನನ್ನ ಪ್ರಕಾರ ತಪ್ಪು ಅವರದಲ್ಲ, ಆ ಸಾಲಿನದು. ಸಿಲಬಸ್ ಮುಗಿಸುವ ಹುರುಪಿನಲ್ಲೇ ದೇಹವನ್ನೂ ಮುಗಿಸಲು ಹೊರಟರೆ ಹೀಗೇ ಆಗುವುದು.

ಜಿಮ್ಮನ್ನೇ ನೋಡಿ. ಪ್ರಿಲಿಮ್ಸ್ ಮುಗಿದ ಉತ್ಸಾಹ. ತಿಂಗಳ ಲೆಕ್ಕದಲ್ಲಿ ಅಗ್ಗ ಎಂದು ವರ್ಷದ ಪ್ಯಾಕೇಜಿಗೇ ದುಡ್ಡು ಕಟ್ಟುತ್ತಾರೆ. ಮೊದಲ ದಿನವೇ ಹೆಗಲ ಮೇಲೆ ಭಾರ ಹೊತ್ತು ಬಸ್ಕಿ. ರೂಢಿಯಿಲ್ಲದ ಸ್ನಾಯುವಿನ ನೋವು ಜೋರಾಗುವುದು ಮಾರನೆಯ ದಿನದಿಂದ ಮೂರನೆಯ ದಿನದೊಳಗೆ. ಸೋಮವಾರದ ಪೈಲ್ವಾನ ಬುಧವಾರ ಪಿಜಿಯ ಇಕ್ಕಟ್ಟು ಮೆಟ್ಟಿಲನ್ನು ಕಂಬಿ ಹಿಡಿದು, ಮೈ ಅಡ್ಡ ತಿರುಗಿಸಿಕೊಂಡು, ಒಂದೊಂದೇ ಇಳಿಯುತ್ತಾನೆ. ಲೈಬ್ರರಿಯ ಕುರ್ಚಿಯಲ್ಲಿ ಕೂರಲು ತೊಡೆ ಒಪ್ಪುವುದಿಲ್ಲ. "ಮೇನ್ಸ್ ಮುಗೀಲಿ ಬಿಡೋ, ಆಮೇಲೆ ನೋಡಿದ್ರಾಯ್ತು" ಅನ್ನುತ್ತಾನೆ ರೂಮ್‌ಮೇಟ್. ಪ್ಯಾಕೇಜಿನ ಉಳಿದ ತಿಂಗಳುಗಳು ಜಿಮ್ಮಿನವನ ಲಾಭ.

ಐದು ಗಂಟೆಯ ಮೋಹ ಇನ್ನೂ ದುಬಾರಿ. ಮೈಸೂರಿನಲ್ಲಿ ನಸುಕಿಗೆದ್ದು ಓಡುವುದು ಸೊಗಸು. ದೆಹಲಿಯ ಚಳಿಗಾಲದಲ್ಲಿ ನೆಲದ ಮೇಲಿನ ತಣ್ಣನೆಯ ಗಾಳಿ ಮೇಲೇಳುವುದಿಲ್ಲ, ಹೊಗೆ ಧೂಳೆಲ್ಲ ರಾತ್ರಿಯಿಡೀ ಅದರಲ್ಲೇ ಸಿಕ್ಕಿಬಿದ್ದಿರುತ್ತದೆ. 2024ರ ನವೆಂಬರ್ 18ರಂದು ನಗರದ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. 400 ಮೀರಿದರೇ ಅದು 'ತೀವ್ರ'. ಅಂಥ ನಸುಕಿನಲ್ಲಿ ಶಂಕರ್ ರೋಡಿನ ಬದಿ ಏದುಸಿರು ಬಿಡುತ್ತಾ ಓಡುವುದನ್ನು ಶಿಸ್ತು ಎಂದು ಹೊಗಳಲು ನನಗಂತೂ ಮನಸ್ಸಿಲ್ಲ. ಬಿಸಿಲು ಬಂದ ಮೇಲೆ ಹೊರಡಬೇಕು, ಅಥವಾ ಆ ದಿನ ಕೋಣೆಯಲ್ಲೇ ಉಳಿಯಬೇಕು.

ಕೋಣೆಯಲ್ಲಾದರೂ ಜಾಗ ಎಲ್ಲಿದೆ? ಮಂಚ, ಮೇಜು, ಪುಸ್ತಕದ ರಾಶಿ. ಒಂದು ಚಾಪೆ ಬಿಚ್ಚಬೇಕಾದರೆ ಕುರ್ಚಿಯನ್ನು ಮಂಚದ ಮೇಲಿಡಬೇಕು. ಓದಲು ನೆಲಮಾಳಿಗೆಗೆ ಇಳಿಯುತ್ತಿದ್ದ ಬಡಾವಣೆ ಇದು. 2024ರ ಜುಲೈ 27ರಂದು ಅಂಥದೊಂದಕ್ಕೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಸತ್ತರು. ಓದುವವರಿಗೂ ಒಂದು ದೇಹವಿದೆ ಎಂಬುದನ್ನೇ ಲೆಕ್ಕಕ್ಕಿಡದ ಊರಿನಲ್ಲಿ 'ನಿನಗೆ ಮನಸ್ಸಿಲ್ಲ' ಎಂದು ಬೈಯುವುದು ಸುಲಭದ ಮಾತು.

ಇಲ್ಲಿ ನಿಜಕ್ಕೂ ಬಾಳಿಕೆ ಬಂದಿರುವ ವ್ಯಾಯಾಮ ಒಂದಿದೆ, ಯಾರೂ ಅದನ್ನು ವ್ಯಾಯಾಮ ಅನ್ನುವುದಿಲ್ಲ: ರಾತ್ರಿ ಊಟವಾದ ಮೇಲೆ ಇಬ್ಬರು ಮೂವರು ಕರೆಂಟ್ ಅಫೇರ್ಸ್ ಮಾತಾಡುತ್ತಾ ಹಾಕುವ ಸುತ್ತು. ಅದು ಉಳಿದಿರುವುದಕ್ಕೆ ಕಾರಣ ಊಟ. ಲಂಡನ್‌ನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೊಸ ರೂಢಿಯನ್ನು ಹೀಗೆ ದಿನದ ಒಂದು ಕೆಲಸಕ್ಕೆ ಗಂಟು ಹಾಕಿದ್ದರು. ರೂಢಿ ಬೇರೂರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗುವ ಅಂದಾಜು, ನಡುಮಟ್ಟ 66. ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಒಂದು ದಿನ ತಪ್ಪಿತೆಂದು ಟೈಮ್‌ಟೇಬಲ್ಲನ್ನೇ ಹರಿದೆಸೆಯುವವರು ಈ ಕೊನೆಯ ಮಾತನ್ನು ಓದಬೇಕು.

ಹಾಗೆಂದು ಆ ಸುತ್ತಿಗೆ ಪೂರ್ತಿ ಅಂಕ ಕೊಡಲಾರೆ. ನಡಿಗೆ ನಿಧಾನ, ಚಹಾದ ಅಂಗಡಿಯಲ್ಲಿ ನಿಲುಗಡೆ ದೀರ್ಘ, ಜೊತೆಗೆ ಸಮೋಸಾ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅದೂ ಉಸಿರು ತುಸು ಏರುವಂತೆ. ಮೇಲೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಈ ಎರಡನೆಯದು ಇಲ್ಲಿ ಪೂರಾ ಸೊನ್ನೆ. ಮೇನ್ಸ್‌ನಲ್ಲಿ ಮೂರು ಮೂರು ಗಂಟೆಯ ಎರಡು ಪತ್ರಿಕೆ ಒಂದೇ ದಿನ ಬರೆಯುವವರಿಗೆ ಬೆನ್ನು, ಭುಜ ಬೇಡವೇ? ಗೋಡೆಗೆ ಕೈಯೂರಿ ದಂಡ, ಕುರ್ಚಿಯಿಂದ ಎದ್ದು ಕೂರುವುದು, ಇಷ್ಟರಿಂದ ಶುರು ಮಾಡಬಹುದು, ಚಾಪೆಯೂ ಬೇಡ.

ಇವರ ನಡುವೆಯೇ ಅರಣ್ಯ ಸೇವೆಗೆ ಓದುವವರೂ ಇದ್ದಾರೆ. ಅಲ್ಲಿ ಗಂಡಸರು ನಾಲ್ಕು ಗಂಟೆಯೊಳಗೆ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು. ಅವರು ಇದೇ ಬೀದಿಗಳಲ್ಲಿ ರಾತ್ರಿಯ ಸುತ್ತನ್ನು ವಾರ ವಾರ ಸ್ವಲ್ಪ ಬೆಳೆಸುತ್ತಾ ಹೋಗಬಹುದು, ಸಮೋಸಾ ಬಿಟ್ಟು.