ಗೀರಿಲ್ಲದ ಚಿಕಿತ್ಸೆಯ ಅತಿಹೊಗಳಿಕೆ

ಹಾಸನ ಜಿಲ್ಲೆಯ ಹಗರೆಯಂಥ ಊರಿನಲ್ಲಿ ಅನ್ನನಾಳದ ಕಾಯಿಲೆಯನ್ನು ಮೊದಲು ತಿಳಿಸುವುದು ಮುದ್ದೆ. ಅಗಿಯದೆ ನುಂಗಿದ ತುತ್ತು ಎದೆಯಲ್ಲೇ ನಿಂತರೆ ಎಲ್ಲರೂ ಗ್ಯಾಸ್ಟ್ರಿಕ್ ಎನ್ನುತ್ತಾರೆ, ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ತಿಂಗಳುಗಳು ಕಳೆಯುತ್ತವೆ. ಮುದ್ದೆ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಳಿಯದಾದರೆ ಮೊದಲು ಶಂಕಿಸಬೇಕಾದದ್ದು ಕ್ಯಾನ್ಸರನ್ನು. ಮುದ್ದೆಯೂ ನೀರೂ ಆರಂಭದಿಂದಲೇ ತಡೆದರೆ ಅದು ಅಕಲೇಸಿಯಾ ಇರಬಹುದು. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗದ ಕಾಯಿಲೆ. ಇದರ ಚಿಕಿತ್ಸೆಯಲ್ಲಿ ‘ಪೋಯಮ್’ ವಿಧಾನಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು.

ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಆರಂಭಿಸಿದ ಈ ವಿಧಾನದ ಕೈಚಳಕವನ್ನು ಅಲ್ಲಗಳೆಯಲಾಗದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪದರವನ್ನು ಸೀಳಿ, ಅದರಡಿ ಸುರಂಗ ಮಾಡಿಕೊಂಡು, ಬಿಗಿದ ಸ್ನಾಯುವನ್ನು ಜಠರದವರೆಗೂ ಕತ್ತರಿಸುತ್ತಾರೆ. ಹೊರಬರುವಾಗ ಸೀಳಿಗೆ ಕ್ಲಿಪ್ ಹಾಕುತ್ತಾರೆ. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಹೊಗಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಜಠರದ ಆಮ್ಲ ಮೇಲೇರದಂತೆ ತಡೆದಿದ್ದದ್ದೂ ಅದೇ ಸ್ನಾಯು. ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಇದೇ ಕಾಯಿಲೆಗೆ ಮಾಡಿದ ಶಸ್ತ್ರಚಿಕಿತ್ಸೆ ಇಂದು ಲ್ಯಾಪರೊಸ್ಕೋಪಿಯಲ್ಲಿ ನಡೆಯುತ್ತದೆ. ಸ್ನಾಯುವನ್ನು ಹೊರಗಿನಿಂದ ಸೀಳಿ, ಒಳಪದರವನ್ನು ಹಾಗೇ ಉಳಿಸಿ, ಜಠರದ ಮೇಲ್ಭಾಗವನ್ನು ಎಳೆದು ಸೀಳಿನ ಮೇಲೆ ಮಡಚಿ ಹೊಲಿಯುತ್ತಾರೆ. ಆಮ್ಲಕ್ಕೆ ಆ ಮಡಿಕೆಯೇ ತಡೆ. ಪೋಯಮ್‌ನಲ್ಲಿ ಆ ಹೊಲಿಗೆ ಇಲ್ಲ.

2019ರಲ್ಲಿ ಪ್ರಕಟವಾದ, 221 ರೋಗಿಗಳ ಯುರೋಪಿನ ಅಧ್ಯಯನ ಇದನ್ನೇ ತೋರಿಸಿತು. ಎರಡು ವರ್ಷದ ಬಳಿಕ ಪೋಯಮ್ ನೂರಕ್ಕೆ 83, ಹೆಲ್ಲರ್ 81.7 ಮಂದಿಗೆ ಫಲ ಕೊಟ್ಟಿತ್ತು, ಅಲ್ಲಿ ಜಗಳವಿಲ್ಲ. ಆಮ್ಲದಿಂದ ಅನ್ನನಾಳ ಹುಣ್ಣಾದವರು ಮಾತ್ರ ಪೋಯಮ್‌ನಲ್ಲಿ ನೂರಕ್ಕೆ 44, ಹೆಲ್ಲರ್‌ನಲ್ಲಿ 29. ಮಾತ್ರೆ ಇದೆಯಲ್ಲ ಎನ್ನುತ್ತಾರೆ ಪೋಯಮ್ ಪಕ್ಷದವರು. ಕೂಲಿ ಬಿಟ್ಟು ಹಾಸನದ ಬಸ್ಸು ಹತ್ತುವವರಿಗೆ ದಿನನಿತ್ಯದ ಮಾತ್ರೆ, ಆಗಾಗ ಎಂಡೋಸ್ಕೋಪಿ ಸಣ್ಣ ಹೊರೆಯಲ್ಲ. ಅನ್ನನಾಳ ಮೇಲಿನವರೆಗೂ ಸೆಟೆದುಕೊಳ್ಳುವ, ಅಕಲೇಸಿಯಾದ ಮೂರನೆಯ ಬಗೆಯಲ್ಲಿ ಉದ್ದನೆಯ ಸೀಳು ಬೇಕು, ಅಲ್ಲಿ ಪೋಯಮ್ ಮೇಲು, ಒಪ್ಪುತ್ತೇನೆ. ಬಗೆ ಯಾವುದೆಂದು ಹೇಳುವುದು ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಪರೀಕ್ಷೆ.

ಕಾಯಿಲೆ ಪತ್ತೆಗೆ ಎಂಡೋಸ್ಕೋಪಿಯೊಂದೇ ಸಾಕು ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಕ್ಯಾನ್ಸರ್ ಇಲ್ಲವೆಂದು ಖಚಿತವಾಗಲು ಅದು ಬೇಕೇ ಬೇಕು, ಆದರೆ ಆರಂಭದ ಅಕಲೇಸಿಯಾ ಅದರ ಕಣ್ಣು ತಪ್ಪಿಸಬಲ್ಲದು. ಹಳೆಯ ಬೇರಿಯಂ ಎಕ್ಸ್‌ರೇ ಇಲ್ಲಿ ಕೈಹಿಡಿಯುತ್ತದೆ. ರೋಗಿಯನ್ನು ನಿಲ್ಲಿಸಿ ಬೇರಿಯಂ ಕುಡಿಸಿ, 1, 2 ಮತ್ತು 5ನೆಯ ನಿಮಿಷಕ್ಕೆ ಚಿತ್ರ ತೆಗೆದರೆ ಬಿಳಿ ದ್ರವ ಎಷ್ಟೆತ್ತರ ನಿಂತಿದೆ, ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿದೆಯೇ ಎಂಬುದು ಕಾಣುತ್ತದೆ. ಚಿಕಿತ್ಸೆಯ ನಂತರ ಮತ್ತೆ ತೆಗೆದು ಹೋಲಿಸಬಹುದು. ಇಷ್ಟು ಕೊಡುವ ಪರೀಕ್ಷೆಯನ್ನು ಹಳತೆಂದು ಬದಿಗಿಡುವುದು ತಪ್ಪು.

ಪೋಯಮ್ ಮಾಡಿಸಿ ಎಂದವರನ್ನು ಎರಡು ಮಾತು ಕೇಳಿ: ನನ್ನದು ಯಾವ ಬಗೆಯ ಅಕಲೇಸಿಯಾ, ಆಮೇಲೆ ಆಮ್ಲ ತಡೆಯುವುದು ಯಾವುದು? ಉತ್ತರ ಸಿಗದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.