‘ಬಯಲು’ ಶಬ್ದದ ಅರ್ಥನಿರ್ಣಯ

ಅಲ್ಲಮಪ್ರಭುದೇವರ ವಚನಗಳಲ್ಲಿ ‘ಬಯಲು’ ಬಂದೆಡೆಯಲ್ಲೆಲ್ಲ ‘ಶೂನ್ಯ’ವೆಂದು ಬರೆದು ಮುಂದೆ ಸಾಗುವ ಟೀಕೆಗಳು ನಮ್ಮಲ್ಲಿ ವಿರಳವಲ್ಲ. ಅಷ್ಟರಿಂದ ಅರ್ಥನಿರ್ಣಯವಾಯಿತೆ ಎಂಬುದು ವಿಚಾರಣೀಯ.

ಈ ವಿಚಾರಕ್ಕೆ ಪಾಶ್ಚಾತ್ಯ ಭಾಷಾದರ್ಶನದ ಎರಡು ಮಾರ್ಗಗಳು ಉಪಯುಕ್ತವಾಗಿವೆ. ಒಂದು ವಿಶ್ಲೇಷಣಮಾರ್ಗ. ಬಹುಪಾಲು ಸಂದರ್ಭಗಳಲ್ಲಿ ಶಬ್ದದ ಅರ್ಥವೆಂದರೆ ಅದರ ಬಳಕೆಯೇ ಎಂಬುದು, 1953ರಲ್ಲಿ ಮರಣಾನಂತರ ಪ್ರಕಟವಾದ ಗ್ರಂಥದಲ್ಲಿ ವಿಟ್‌ಗೆನ್‌ಸ್ಟೈನನ ಅಭಿಪ್ರಾಯ. ಇನ್ನೊಂದು ವ್ಯಾಖ್ಯಾನಮಾರ್ಗ. ಓದುಗನು ಬರಿಗೈಯಲ್ಲಿ ಗ್ರಂಥದೆದುರು ನಿಲ್ಲುವುದಿಲ್ಲ, ಪರಂಪರೆ ಕೊಟ್ಟ ಪೂರ್ವಗ್ರಹಿಕೆಯೊಡನೆ ನಿಲ್ಲುತ್ತಾನೆಂದು 1960ರ ತನ್ನ ಗ್ರಂಥದಲ್ಲಿ ಗಾಡಮರ್ ಪ್ರತಿಪಾದಿಸಿದನು.

ಮೊದಲನೆಯದನ್ನು ನೋಡೋಣ. ಕೋಲಾರ, ಮಾಲೂರು, ಮುಳಬಾಗಿಲುಗಳ ಸೀಮೆ ಬಯಲುಸೀಮೆ. ಇಲ್ಲಿ ಬಯಲೆಂದರೆ ತೆರೆದ ನೆಲ. ಗುಟ್ಟು ಬಯಲಾಗುವುದೆಂದರೆ ಮುಚ್ಚಿದ್ದುದು ಕಾಣಿಸಿಕೊಳ್ಳುವುದು. ಶ್ರೀನಿವಾಸಪುರದ ಕಡೆ ತೆಲುಗು ಆಡುವವರಿಗೂ ಬಯಲು ತೆರೆದ ಜಾಗವೇ. ಈ ಬಳಕೆಗಳಲ್ಲಿ ‘ಏನೂ ಇಲ್ಲದಿರುವುದು’ ಮುಖ್ಯವಲ್ಲ, ‘ಮರೆ ಇಲ್ಲದಿರುವುದು’ ಮುಖ್ಯ. ಬಳ್ಳಿಗಾವೆಯ ಪ್ರಭುದೇವರ ಹನ್ನೆರಡನೆಯ ಶತಮಾನದ ನುಡಿಗೆ ಇಂದಿನ ಕೋಲಾರದ ರೂಢಿ ಪ್ರಮಾಣವಾಗಲಾರದು, ನಿಜ. ಆದರೂ ಎತ್ತ ನೋಡಬೇಕೆಂಬುದನ್ನು ಅದು ತೋರಿಸುತ್ತದೆ.

ಆದರೆ ಸಾಧಕನೇ ಬಯಲಾಗುವುದೆಂದರೇನು? ಊರಿನ ಬಳಕೆಗಳನ್ನು ಎಷ್ಟು ಕಲೆಹಾಕಿದರೂ ಇದಕ್ಕೆ ಉತ್ತರ ದೊರೆಯದು. ಇಲ್ಲಿ ಪರಂಪರೆಯ ನೆರವು ಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ‘ಶೂನ್ಯಸಂಪಾದನೆ’ಯಲ್ಲಿ ಬಿಡಿ ವಚನಗಳನ್ನು ಸಂವಾದಗಳಾಗಿ ಜೋಡಿಸಿದರು. ಯಾರು ಯಾರಿಗೆ ನುಡಿದರೆಂದು ಗೊತ್ತುಪಡಿಸಿದ ಆ ಜೋಡಣೆಯೇ ಒಂದು ವ್ಯಾಖ್ಯಾನ. ಗೋರಕ್ಷನ ಪ್ರಸಂಗವನ್ನೇ ನೋಡಬಹುದು. ಆತನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಸದ್ದೆದ್ದಿತು. ಪ್ರಭುದೇವರ ಕಾಯದಲ್ಲಿ ಅದೇ ಖಡ್ಗ ತಡೆಯಿಲ್ಲದೆ ಹಾಯ್ದುಹೋಯಿತು. ಪ್ರಭುದೇವರಾದರೋ ಎದುರಿಗೇ ನಿಂತಿದ್ದಾರೆ, ಮಾತನಾಡುತ್ತಿದ್ದಾರೆ. ಬಯಲು ಇಲ್ಲಿ ಅಭಾವವಲ್ಲ. ‘ನಾನು’ ಎಂಬ ತಡೆ ಕಳೆದ ಇರವು. ತೆರೆದ ನೆಲವನ್ನು ಬಲ್ಲವನಿಗೆ ಈ ಕಥೆ ಥಟ್ಟನೆ ತಿಳಿಯುತ್ತದೆ. ಸಂಪಾದಿಸಬೇಕಾದ ಶೂನ್ಯವೂ ಬರಿಯ ‘ಇಲ್ಲ’ವಾಗಲಾರದಷ್ಟೆ!

ವ್ಯಾಖ್ಯಾನಮಾರ್ಗಕ್ಕೂ ಒಂದು ದೋಷವುಂಟು. ಬೆಡಗಿನ ವಚನಗಳಿಗೆ ಬರೆದ ಕೆಲವು ಟೀಕೆಗಳಲ್ಲಿ ಯಾವ ಪ್ರಾಣಿಯೂ ಯಾವ ತತ್ತ್ವವೂ ಆಗಬಲ್ಲದು. ತಪ್ಪಾಗುವ ಸಂಭವವೇ ಇಲ್ಲದ ಅರ್ಥವನ್ನು ಅರ್ಥವೆನ್ನುವುದು ಹೇಗೆ? ಶಬ್ದದ ಲೋಕರೂಢಿಯೊಡನೆಯೂ ವಚನದ ಪೂರ್ವಾಪರದೊಡನೆಯೂ ಹೊಂದದ ಸಂಕೇತಾರ್ಥವನ್ನು, ಅದು ಎಷ್ಟೇ ಪ್ರಾಚೀನ ಟೀಕೆಯಿಂದ ಬಂದಿರಲಿ, ಸಂಪಾದಕರು ಪ್ರಶ್ನಿಸಬೇಕು. ಹಾಗೆ ಪ್ರಶ್ನಿಸುವುದರಿಂದ ಗುರುಪರಂಪರೆಗೆ ಅಗೌರವವಾಗುವುದೆಂಬ ಅಂಜಿಕೆಗೆ ಆಧಾರ ಕಾಣದು. ‘ಶೂನ್ಯಸಂಪಾದನೆ’ಯನ್ನೇ ಮಹಾದೇವಯ್ಯನವರ ತರುವಾಯ ಹಲಗೆಯಾರ್ಯರೂ ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಮತ್ತೆ ಮತ್ತೆ ಪರಿಷ್ಕರಿಸಿದ್ದಾರೆ.